ಬ್ಲ್ಯಾಕ್ ಬೆಲ್ಟ್‌ಗೆ ಎಷ್ಟು ವರ್ಷ? ಕ್ಯಾಲೆಂಡರ್ ಬಿಡಿ, ಹಾಜರಿ ಕಾರ್ಡ್ ನೋಡಿ

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಉಡುಪಿ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿದಳು. ಕೈಯಲ್ಲಿ ಕರಾಟೆ ಕ್ಲಾಸಿನ ಪಾಂಪ್ಲೆಟ್.

"ಅಕ್ಕಾ, ಇದ್ರಲ್ಲಿ ಎರಡು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಅಂತ ಉಂಟು. ನಿಮ್ಮ ಮಗಳು ಆರು ವರ್ಷದಿಂದ ಹೋಗ್ತಾ ಇದ್ದಾಳಲ್ಲ? ಅವಳದ್ದು ಯಾಕೆ ಇನ್ನೂ ಆಗ್ಲಿಲ್ಲ?"

"ಅದು ದೊಡ್ಡ ಕಥೆ ಮಾರಾಯ್ತಿ" ಅನ್ನುವಷ್ಟರಲ್ಲಿ ಅವಳ ಮಾಳಿಗೆ ಬಂತು. ಲಿಫ್ಟಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿ ಸುತ್ತಿನ ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಮಕ್ಕಳನ್ನು ಕ್ಲಾಸಿಗೆ ಸೇರಿಸಲು ಹೊರಟ ನಮ್ಮವರಿಗೆ ಉಪಯೋಗವಾಗಬಹುದು. ಮೂರು ವರ್ಷದ ಹಿಂದೆ, 39ನೇ ವಯಸ್ಸಿನಲ್ಲಿ, ನಾನೂ ಮಗಳ ಕ್ಲಾಸಿಗೇ ಸೇರಿಕೊಂಡೆ. ಈಗ ಹಸಿರು ಬೆಲ್ಟ್. ಅಂದರೆ ಫೀಸು ಕಟ್ಟುವವಳ ಕಷ್ಟವೂ ಗೊತ್ತು, ಮೊಣಕಾಲು ನೋವೂ ಗೊತ್ತು.

ಮೊದಲು: ಯಾವ ಕಲೆ ಅಂತ ಕೇಳಿ

ನಮ್ಮ ಜನಕ್ಕೆ ಬಿಳಿ ಡ್ರೆಸ್ ಹಾಕಿ ಒದ್ದರೆ ಎಲ್ಲವೂ ಕರಾಟೆಯೇ. ತಪ್ಪಲ್ಲ ಬಿಡಿ, ನಾವು ಕರಾಟೆ ಕಿಂಗ್ ಶಂಕರ್‌ನಾಗ್ ಪೋಸ್ಟರ್ ನೋಡಿ ಬೆಳೆದವರು. ಆದರೆ ಪಾಂಪ್ಲೆಟ್‌ನಲ್ಲಿ ಇರುವುದು ಕರಾಟೆಯೋ, ಟೇಕ್ವಾಂಡೋ ಅಥವಾ ಜೂಡೊ ಇದೆಯೋ, ಬ್ರೆಜಿಲಿಯನ್ ಜಿಯು-ಜಿಟ್ಸುವೋ ಅನ್ನುವುದರ ಮೇಲೆ ವರ್ಷದ ಲೆಕ್ಕ ಪೂರ್ತಿ ಬದಲಾಗುತ್ತದೆ.

ಕರಾಟೆಯಲ್ಲಿ ಎರಡು ಅಳತೆ. ಬಣ್ಣದ ಬೆಲ್ಟ್‌ಗಳಿಗೆ ಕ್ಯೂ, ಕಪ್ಪು ಬೆಲ್ಟ್‌ಗೆ ಡಾನ್. ಕ್ಯೂ ಕೆಳಗಿಳಿಯುತ್ತಾ ಬರುತ್ತದೆ. ಹೆಚ್ಚಿನ ಕಡೆ 10ರಿಂದ ಶುರುವಾಗಿ 1ಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಡಾನ್ 1ರಿಂದ ಮೇಲಕ್ಕೆ ಹತ್ತುತ್ತದೆ. ಈ ಡಾನ್ ಪದ್ಧತಿ ಕರಾಟೆಯದ್ದೇ ಅಲ್ಲ, ಜೂಡೊದಿಂದ ತಂದದ್ದು. ಜೂಡೊ ಹುಟ್ಟುಹಾಕಿದ ಜಿಗೊರೊ ಕಾನೊ ಅವರು 1882ರಲ್ಲಿ ಟೋಕಿಯೊದಲ್ಲಿ ಕೊಡೊಕನ್ ಅನ್ನುವ ಜೂಡೊ ಶಾಲೆ ಶುರು ಮಾಡಿದರು. ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಕರಾಟೆಯಲ್ಲಿ ಗಿಚಿನ್ ಫುನಾಕೋಶಿ ಅದೇ ಪದ್ಧತಿ ಹಿಡಿದು ಡಾನ್ ಕೊಟ್ಟದ್ದು 1924ರಲ್ಲಿ. ಹಳದಿ, ಹಸಿರು, ನೀಲಿ ಇವೆಲ್ಲ ಯುರೋಪಿನ ಜೂಡೊ ಕ್ಲಾಸುಗಳಲ್ಲಿ ರೂಢಿಗೆ ಬಂದವು. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಲಿಸುತ್ತಿದ್ದ ಮಿಕಿನೊಸುಕೆ ಕವಾಯಿಷಿ ಅವುಗಳನ್ನು ಚೆನ್ನಾಗಿ ಹಬ್ಬಿಸಿದರು. ಬಿಳಿ ಬೆಲ್ಟೇ ಒಗೆಯದೆ ಕೊಳೆಯಾಗುತ್ತಾ ಕಪ್ಪಾಯಿತು ಅಂತ ಒಂದು ಕಥೆ ಹೇಳುತ್ತಾರಲ್ಲ, ಅದು ಸುಮ್ನೆ ಕಟ್ಟುಕಥೆ.

ವಾರಕ್ಕೆ ಎರಡು ಮೂರು ಕ್ಲಾಸಿಗೆ ತಪ್ಪದೆ ಹೋದರೆ ಕರಾಟೆಯಲ್ಲಿ ಮೊದಲ ಡಾನ್‌ಗೆ ಸಾಮಾನ್ಯವಾಗಿ 4ರಿಂದ 5 ವರ್ಷ. ಶುರುವಿನ ಬೆಲ್ಟ್‌ಗಳಿಗೆ ಮೂರು ನಾಲ್ಕು ತಿಂಗಳಿಗೊಂದು ಪರೀಕ್ಷೆ. ನೀಲಿ, ನೇರಳೆಗೆ ಬರುವಷ್ಟರಲ್ಲಿ ಅದು ಆರು ತಿಂಗಳಾಗುತ್ತದೆ. ಕಂದು ಬಣ್ಣದಲ್ಲಿ ಮೂರು ಹಂತ ಇರುತ್ತದೆ. ಬಣ್ಣ ಬದಲಾಗುವುದಿಲ್ಲ, ಕಾಲ ಮಾತ್ರ ಹೋಗುತ್ತಾ ಇರುತ್ತದೆ. ಆ ಒಂದೇ ಬಣ್ಣಕ್ಕೆ ಒಂದೂವರೆ ಎರಡು ವರ್ಷ ಇಟ್ಟುಕೊಳ್ಳಿ.

ಟೇಕ್ವಾಂಡೋದಲ್ಲಿ ಸ್ವಲ್ಪ ಬೇಗ, ಮೂರು ವರ್ಷದ ಆಸುಪಾಸು. ಒಲಿಂಪಿಕ್ಸ್ ಶೈಲಿಯ ಟೇಕ್ವಾಂಡೋದ ಕಪ್ಪು ಬೆಲ್ಟ್‌ಗೆ ಸರ್ಟಿಫಿಕೇಟ್ ಬರುವುದು ಕೊರಿಯಾದ ಸೋಲ್‌ನಲ್ಲಿರುವ ಟೇಕ್ವಾಂಡೋ ಕೇಂದ್ರ ಕುಕ್ಕಿವಾನ್‌ನಿಂದ. 15 ವರ್ಷದ ಒಳಗಿನ ಮಕ್ಕಳಿಗೆ ಅಲ್ಲಿ ಡಾನ್ ಇಲ್ಲ, ಪೂಮ್ ಅಂತ ಕೊಡುತ್ತಾರೆ. ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು. ನಿಮ್ಮ ಎಂಟು ವರ್ಷದ ಮಗನಿಗೆ ಕುಕ್ಕಿವಾನ್ ಡಾನ್ ಕೊಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ, ಅವರಿಗೆ ನಿಯಮ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂತ ಅವರು ಅಂದುಕೊಂಡಿದ್ದಾರೆ. ಜೂಡೊದಲ್ಲೂ ಹಾಗೇ, ಕೊಡೊಕನ್‌ನಲ್ಲಿ ಮೊದಲ ಡಾನ್‌ಗೆ 14 ವರ್ಷ ಆಗಿರಬೇಕು.

ಬ್ರೆಜಿಲಿಯನ್ ಜಿಯು-ಜಿಟ್ಸು ಈಗ ಅಂಧೇರಿ, ಬಾಂದ್ರಾ ಕಡೆಯ ಜಿಮ್‌ಗಳಲ್ಲಿ ಜೋರಾಗಿದೆ. ಅಲ್ಲಿ ಅವಸರದವರಿಗೆ ಜಾಗವಿಲ್ಲ. ದೊಡ್ಡವರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಅಂತ ಐದೇ ಬಣ್ಣ. ಅದರ ಅಂತರರಾಷ್ಟ್ರೀಯ ಫೆಡರೇಷನ್ ನಿಯಮದಂತೆ ನೀಲಿಯಲ್ಲಿ ಕನಿಷ್ಠ 2 ವರ್ಷ, ನೇರಳೆಯಲ್ಲಿ ಒಂದೂವರೆ ವರ್ಷ, ಕಂದಿನಲ್ಲಿ 1 ವರ್ಷ ಇರಲೇಬೇಕು. ಕಪ್ಪಿಗೆ 19 ವರ್ಷ ವಯಸ್ಸಾಗಿರಬೇಕು. ಇದು ಕನಿಷ್ಠದ ಮಾತು. ನಿಜವಾಗಿ ಹತ್ತು ವರ್ಷ ಹಿಡಿಯುವುದು ಮಾಮೂಲಿ.

ಬಾಕ್ಸಿಂಗ್, ಕುಸ್ತಿ, ಕಳರಿಯಲ್ಲಿ ಬೆಲ್ಟ್ ಹತ್ತುವ ಗೋಜೇ ಇಲ್ಲ. ನಮ್ಮ ಗರಡಿಮನೆಯಲ್ಲಿ ಯಾರಾದರೂ ಯಾವ ಬೆಲ್ಟ್ ಅಂತ ಕೇಳಿದ್ದುಂಟಾ?

ಎರಡನೆಯದು: ಮುಂಬಯಿ ವರ್ಷದಲ್ಲಿ ಎಷ್ಟು ವಾರ ಅಂತ ಎಣಿಸಿ

ಇದನ್ನು ಯಾವ ಕ್ಲಾಸಿನವರೂ ಹೇಳಿಕೊಡುವುದಿಲ್ಲ. ಒಂದು ಪೇಪರ್ ತಗೊಳ್ಳಿ.

ವರ್ಷಕ್ಕೆ 52 ವಾರ. ಮೇ ತಿಂಗಳು ಪೂರ್ತಿ ಊರಿಗೆ. ಮತ್ಸ್ಯಗಂಧ ರೈಲಿನ ಟಿಕೆಟ್ ಸಿಕ್ಕಿದ ಮೇಲೆ ಕರಾಟೆ ಯಾರಿಗೆ ನೆನಪಿರುತ್ತದೆ? ಅಲ್ಲಿಗೆ 4 ವಾರ ಹೋಯಿತು. ಜುಲೈ, ಆಗಸ್ಟ್‌ನಲ್ಲಿ ಮಳೆ ಬಿದ್ದು ಲೋಕಲ್ ನಿಂತ ದಿನ ಸರ್ ಬರುವುದಿಲ್ಲ, ಅಂಥವೆಲ್ಲ ಕೂಡಿಸಿದರೆ 2 ವಾರ. ಗಣಪತಿಗೆ 1, ದೀಪಾವಳಿಗೆ 2. ಶಾಲೆಯ ಪರೀಕ್ಷೆಗಳಿಗೆ ಕಡಿಮೆ ಅಂದರೂ 4. ಮದುವೆ, ಜ್ವರ, ಬಂದ ನೆಂಟರಿಗೆ 3. ಒಟ್ಟು 16 ವಾರ ಕಳೆದರೆ ಉಳಿಯುವುದು 36.

ವಾರಕ್ಕೆ ಎರಡು ಕ್ಲಾಸ್, ಒಂದೊಂದು ಗಂಟೆ ಅಂದರೆ ವರ್ಷಕ್ಕೆ 72 ಗಂಟೆ. ಐದು ವರ್ಷಕ್ಕೆ 360. ಇದೇ ಮಗು ವಾರಕ್ಕೆ ಮೂರು ದಿನ, ಒಂದೂವರೆ ಗಂಟೆಯ ಕ್ಲಾಸಿಗೆ ಹೋದರೆ ವರ್ಷಕ್ಕೆ 162 ಗಂಟೆ, ಐದು ವರ್ಷಕ್ಕೆ 810. ಇಬ್ಬರೂ "ಐದು ವರ್ಷ ಕಲಿತೆ" ಅಂತಲೇ ಹೇಳುತ್ತಾರೆ. ಒಬ್ಬರು ಇನ್ನೊಬ್ಬರಿಗಿಂತ ಎರಡು ಪಟ್ಟಿಗೂ ಜಾಸ್ತಿ ಕಲಿತಿರುತ್ತಾರೆ.

ಜಪಾನಿನ ಹೈಸ್ಕೂಲ್ ಮಕ್ಕಳು ಒಂದೆರಡು ವರ್ಷದಲ್ಲೇ ಜೂಡೊ ಮೊದಲ ಡಾನ್ ಪಡೆಯುವುದುಂಟು. ಕೊರಿಯಾದ ಪುಟ್ಟ ಮಕ್ಕಳು ವರ್ಷ, ಒಂದೂವರೆ ವರ್ಷದಲ್ಲಿ ಪೂಮ್ ಪಡೆಯುತ್ತಾರೆ. ಅದನ್ನು ತೋರಿಸಿ ನಮ್ಮಲ್ಲೂ ಕೆಲವರು ಎರಡು ವರ್ಷದ ಪ್ಯಾಕೇಜ್ ಮಾರುತ್ತಾರೆ. ಆದರೆ ಆ ಮಕ್ಕಳು ಹೆಚ್ಚು ಕಡಿಮೆ ದಿನಾ ಹೋಗುತ್ತಾರೆ. ವಾರಕ್ಕೆ ಆರು ದಿನ, ದಿನಕ್ಕೆ ಎರಡು ಗಂಟೆ, ವರ್ಷಕ್ಕೆ 45 ವಾರ ಅಂತ ಇಟ್ಟುಕೊಳ್ಳಿ. 540 ಗಂಟೆ. ನಮ್ಮ 72 ಗಂಟೆಯಿಂದ ಭಾಗಿಸಿದರೆ ಏಳೂವರೆ ವರ್ಷ! ಅವರ ಒಂದು ವರ್ಷ ಅಂದರೆ ನಮ್ಮ ಡೊಂಬಿವಲಿಯ ಏಳೂವರೆ ವರ್ಷ.

ಆದ್ದರಿಂದ "ಎಷ್ಟು ವರ್ಷ" ಅಂತ ಕೇಳಬೇಡಿ. ಒಂದು ಬೆಲ್ಟ್‌ನಿಂದ ಇನ್ನೊಂದಕ್ಕೆ ಎಷ್ಟು ಕ್ಲಾಸ್ ಆಗಿರಬೇಕು ಅಂತ ಕೇಳಿ. ನಮ್ಮ ಈಗಿನ ಕ್ಲಾಸಿನಲ್ಲಿ ಒಂದು ಹಳದಿ ಕಾರ್ಡ್ ಇದೆ. ಬಂದ ದಿನ ಸರ್ ಅದರಲ್ಲಿ ಇನಿಷಿಯಲ್ ಹಾಕುತ್ತಾರೆ. ಕಾರ್ಡಿನ ಮನೆಗಳೆಲ್ಲ ತುಂಬಿದವರಿಗೆ ಮಾತ್ರ ಪರೀಕ್ಷೆ. ಮಗಳ ಕಾರ್ಡಿಗೆ ಒಂದು ಸಲ ಸಾರು ಚೆಲ್ಲಿ ಜೂನ್ ತಿಂಗಳ ಸಹಿಗಳೆಲ್ಲ ಅಳಿಸಿಹೋದವು. ಹೊಸದಾಗಿ ಎಣಿಸಿ ಅಂತ ಅತ್ತಳು. ಸರ್ ತಮ್ಮ ರಿಜಿಸ್ಟರ್ ತೆಗೆದು ನೋಡಿ, ಅವಳು ಹೇಳಿದ್ದಕ್ಕಿಂತ ಎರಡು ಸಹಿ ಕಡಿಮೆಯೇ ಹಾಕಿಕೊಟ್ಟರು. ಅಷ್ಟು ಕರಾರುವಾಕ್ಕು.

ಮೂರನೆಯದು: ಸೇರುವ ಮೊದಲು ಒಂದು ದಿನ ಸುಮ್ನೆ ಕೂತು ನೋಡಿ

ಇಲ್ಲಿ ನಾನು ಎಡವಿದೆ. ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಮಗಳಿಗೆ ಆರು ವರ್ಷ ಇದ್ದಾಗ ಮನೆ ಹತ್ತಿರದ ಒಂದು ಕ್ಲಾಸಿಗೆ ಹಾಕಿದೆವು. ನೋಡಿದ್ದು ಒಂದೇ, ರಸ್ತೆ ದಾಟಬೇಕಾಗಿಲ್ಲ ಅಂತ. ಮೂರು ತಿಂಗಳಿಗೆ ಹಳದಿ ಬಂತು. ಆಮೇಲೆ "ಡಬಲ್ ಪ್ರಮೋಷನ್" ಅಂತ ಫೋನ್. ಎರಡು ಪರೀಕ್ಷೆಯ ಫೀಸು ಒಟ್ಟಿಗೆ ಕಟ್ಟಿದರೆ ಕೇಸರಿ ಬಿಟ್ಟು ನೇರ ಹಸಿರು. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಊರಿಗೆ ಫೋಟೊ ಕಳಿಸಿದೆ. 14 ತಿಂಗಳಿಗೆ ಸೊಂಟದಲ್ಲಿ ನೀಲಿ ಬೆಲ್ಟ್. ತಿಂಗಳ ಫೀಸಿಗಿಂತ ಪರೀಕ್ಷೆಗೆ ಕಟ್ಟಿದ್ದೇ ಹೆಚ್ಚು ಅಂತ ಗೊತ್ತಾಗಿದ್ದು ಆ ಕ್ಲಾಸ್ ಒಂದು ದಿನ ಹೇಳದೆ ಕೇಳದೆ ಬಾಗಿಲು ಮುಚ್ಚಿದ ಮೇಲೆ.

ಹೊಸ ಕ್ಲಾಸ್ ಒಂದು ಸೊಸೈಟಿಯ ಟೆರೇಸಿನಲ್ಲಿ, ತಗಡಿನ ಮಾಡಿನ ಕೆಳಗೆ. ಅಲ್ಲಿಯ ಸರ್ ಮರಾಠಿಯವರು, ಮಾತು ಕಡಿಮೆ. ನೀಲಿ ಬೆಲ್ಟ್ ನೋಡಿ "ಹೇಯಾನ್ ನಿದಾನ್ ಮಾಡು ಬಾಳಾ" ಅಂದರು. ಶೋಟೋಕಾನ್ ಅನ್ನುವ ಕರಾಟೆ ಶೈಲಿಯಲ್ಲಿ ಕಲಿಯುವ ಎರಡನೇ ಕಾತಾ ಅದು. ಕಾತಾ ಅಂದರೆ ಹೊಡೆತ, ತಡೆತಗಳನ್ನು ಒಂದು ಕ್ರಮದಲ್ಲಿ ಪೋಣಿಸಿದ ಪಾಠ. ನೀಲಿಯವರಿಗೆ ಅದು ಬಾಯಿಪಾಠ ಇರಬೇಕು. ಇವಳು ನನ್ನ ಮುಖ ನೋಡಿದಳು. ಹೆಸರೇ ಕೇಳಿರಲಿಲ್ಲ. ಸರ್ ಬೈಯಲಿಲ್ಲ. ಕಪಾಟಿನಿಂದ ಒಂದು ಬಿಳಿ ಬೆಲ್ಟ್ ತಂದು ಅವಳ ಕೈಗಿಟ್ಟು "ಘಾಯೀ ನಾಹೀ" ಅಂದರು. ಅವಸರವಿಲ್ಲ ಅಂತ. ಮಗಳು ರಿಕ್ಷಾದಲ್ಲಿ ಮನೆ ತನಕ ಅತ್ತಳು. ಆ ನೀಲಿ ಬೆಲ್ಟ್ ಈಗಲೂ ಇದೆ, ಊರಿಗೆ ಹೋಗುವಾಗ ಅತ್ತೆ ಹಾಸಿಗೆ ಸುರುಳಿ ಕಟ್ಟುತ್ತಾರೆ. ಗಟ್ಟಿ ಬಟ್ಟೆ.

ಹಾಗಾಗಿ ಒಂದು ದಿನ ಹೋಗಿ ಮೂಲೆಯಲ್ಲಿ ಕೂತುಕೊಳ್ಳಿ. ಕೂರಲು ಬಿಡದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಹಸಿರು, ನೀಲಿ ಕಟ್ಟಿದ ಮಕ್ಕಳನ್ನು ನೋಡಿ. ಬಿಳಿಯವರಿಗಿಂತ ಅವರ ನಿಲುವು ಗಟ್ಟಿ ಇದೆಯಾ? ಸರ್ ಹೇಳುವ ಮೊದಲೇ ಮುಂದಿನ ಹೆಜ್ಜೆ ಗೊತ್ತಿದೆಯಾ? ಬಣ್ಣ ಬೇರೆ, ಕೈಕಾಲು ಒಂದೇ ಥರ ಅಂದರೆ ಅಲ್ಲಿ ಬೆಲ್ಟ್ ಮಾರುತ್ತಿದ್ದಾರೆ. ಆಮೇಲೆ ಸರ್ ಹತ್ತಿರ ಮೂರು ಮಾತು ಕೇಳಿ. ಈ ಬೆಲ್ಟ್‌ನ ಪರೀಕ್ಷೆಗೆ ಏನೇನು ಬರಬೇಕು, ಬರೆದದ್ದು ಇದೆಯಾ? ಮೊದಲ ಬೆಲ್ಟ್‌ನಿಂದ ಕಪ್ಪಿನ ತನಕ ಪರೀಕ್ಷೆ ಫೀಸು ಒಟ್ಟು ಎಷ್ಟಾಗುತ್ತದೆ? ಹೋದ ಸಲ ಎಷ್ಟು ಮಕ್ಕಳು ಫೇಲ್ ಆದರು? ಮೂರನೆಯದಕ್ಕೆ "ನಮ್ಮಲ್ಲಿ ಯಾರೂ ಫೇಲ್ ಆಗುವುದಿಲ್ಲ" ಅಂತ ಹೆಮ್ಮೆಯಿಂದ ಹೇಳಿದರೆ ನಿಮಗೆ ಉತ್ತರ ಸಿಕ್ಕಿತು.

ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಅಂತಲೂ ಕೇಳಿ. ಕರಾಟೆಯಲ್ಲಿ ಸಂಸ್ಥೆಗಳು ಹತ್ತಾರು. ಒಬ್ಬರ ಕಾಗದ ಇನ್ನೊಬ್ಬರು ಒಪ್ಪಬೇಕು ಅಂತೇನಿಲ್ಲ. ನಮ್ಮಂತೆ ಕ್ಲಾಸ್ ಬದಲಿಸಬೇಕಾಗಿ ಬಂದರೆ ಎರಡು ಮೂರು ಬೆಲ್ಟ್ ಕೆಳಗಿಳಿಯುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮನೆ ಬದಲಿಸುವ ಯೋಚನೆ ಇದ್ದರೆ ಮೊದಲೇ ಒಂದೇ ಸಂಸ್ಥೆಯ ಕ್ಲಾಸ್ ಆ ಕಡೆಯೂ ಇದೆಯಾ ಅಂತ ವಿಚಾರಿಸಿ.

ಹತ್ತನೇ ಕ್ಲಾಸಿನಲ್ಲಿ ಮಾರ್ಕ್ಸ್ ಸಿಗುತ್ತದೆ ಅಂತ ಬ್ಲ್ಯಾಕ್ ಬೆಲ್ಟ್ ಮಾಡಿಸುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಇಂಟರ್‌ಮೀಡಿಯೇಟ್ ಡ್ರಾಯಿಂಗ್ ಪರೀಕ್ಷೆಗೆ ಮಾರ್ಕ್ಸ್ ಇರುವುದರಿಂದ ಇದೂ ಹಾಗೇ ಅಂದುಕೊಳ್ಳುತ್ತಾರೆ. ಆಟದ ಹೆಚ್ಚುವರಿ ಮಾರ್ಕ್ಸ್ ಇರುವುದು ಸರ್ಕಾರ ಒಪ್ಪಿದ ಸ್ಪರ್ಧೆಗಳಲ್ಲಿ ಆಡಿದ್ದಕ್ಕೆ, ಸೊಂಟದ ಬಣ್ಣಕ್ಕಲ್ಲ.

ನಾಲ್ಕನೆಯದು: ಫೇಲ್ ಆಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ

ಪರೀಕ್ಷೆಯಲ್ಲಿ ಮೂರು ಭಾಗ. ಮೊದಲು ಕಿಹೋನ್, ಅಂದರೆ ಒಂದೊಂದೇ ಹೊಡೆತ, ಒದೆತ. ಆಮೇಲೆ ಕಾತಾ. ಕೊನೆಗೆ ಕುಮಿತೆ, ಜೊತೆಗಾರರ ಎದುರು ನಿಂತು ಆಡುವುದು. ಚಿಕ್ಕ ಬೆಲ್ಟ್‌ಗಳಿಗೆ ಅದೂ ಹೇಳಿ ಹೊಡೆಯುವ ಅಭ್ಯಾಸ ಅಷ್ಟೇ.

ಮಗಳ ಕೇಸರಿ ಬೆಲ್ಟ್ ಪರೀಕ್ಷೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆಗಸ್ಟ್, ತಗಡಿನ ಮೇಲೆ ಮಳೆ. ಸರ್ "ಹಾಜಿಮೆ", ಅಂದರೆ ಶುರು ಮಾಡಿ, ಅಂದದ್ದು ಹಿಂದಿನ ಸಾಲಿಗೆ ಕೇಳಿಸಲೇ ಇಲ್ಲ. ಮೊದಲ ಕಾತಾ ಹೇಯಾನ್ ಶೋದಾನ್ ಎಡಕ್ಕೆ ತಿರುಗಿ ಕೆಳಗೆ ತಡೆಯುವುದರಿಂದ ಶುರು. ಆರು ಮಕ್ಕಳು ಎಡಕ್ಕೆ ತಿರುಗಿದರು, ಇವಳು ಬಲಕ್ಕೆ. ಪಕ್ಕದ ಹುಡುಗನ ಬೆನ್ನು ಕಾಣಬೇಕಾದಲ್ಲಿ ಇನ್ನೊಬ್ಬಳ ಮುಖ ಕಂಡಿತು. ಅಲ್ಲೇ ಕೈ ಮೇಲೆತ್ತಿಕೊಂಡು ಕಲ್ಲಿನ ಹಾಗೆ ನಿಂತಳು. ಇನ್ನೊಂದು ಅವಕಾಶ ಕೊಟ್ಟರು. ಅದರಲ್ಲೂ ಹೊಳ್ಳುವಾಗ ಕಾಲು ತಪ್ಪಿತು. ಚೀಟಿಯಲ್ಲಿ "ಮೂರು ತಿಂಗಳ ನಂತರ" ಅಂತ ಬಂತು.

ಹಳೆ ಕ್ಲಾಸಿನಲ್ಲಾಗಿದ್ದರೆ ಪಾಸ್ ಆಗುತ್ತಿದ್ದಳು. ಇಲ್ಲಿ ಮೂರು ತಿಂಗಳು ದಿನಾ ಸಂಜೆ ನಮ್ಮ ಪ್ಯಾಸೇಜಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಸರಿಸಿ ಎಡಕ್ಕೆ ತಿರುಗಿದಳು. ಈಗ ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಎಡಕ್ಕೇ ತಿರುಗುತ್ತಾಳೆ. ಬಿಳಿಯಿಂದ ಕಪ್ಪಿನ ಒಳಗೆ ಒಂದೆರಡು ಸಲವಾದರೂ ಹೀಗಾಗುತ್ತದೆ ಅಂತ ಆರು ತಿಂಗಳು, ಒಂದು ವರ್ಷ ಮೊದಲೇ ಕೂಡಿಸಿಕೊಳ್ಳಿ. ಮಕ್ಕಳಿಗೂ ಮೊದಲೇ ಹೇಳಿರಿ.

ಪರೀಕ್ಷೆಗೆ ಮುಂಚೆ ಮನೆಯಲ್ಲಿ ಬೆಲ್ಟ್ ಕಟ್ಟುವುದನ್ನೂ ಅಭ್ಯಾಸ ಮಾಡಿಸಿ. ನಡುಭಾಗ ಹೊಕ್ಕಳ ಕೆಳಗೆ ಇಟ್ಟು, ಹಿಂದೆ ಸುತ್ತಿ ಮುಂದೆ ತಂದು, ಮೇಲಿನ ತುದಿಯನ್ನು ಎರಡೂ ಸುತ್ತಿನ ಅಡಿಯಿಂದ ಎಳೆದು ಗಂಟು. ತುದಿಗಳೆರಡೂ ಸಮ ಇಳಿಬಿದ್ದಿರಬೇಕು. ಹೊಸ ಬೆಲ್ಟ್ ಇಸ್ತ್ರಿ ಮಾಡಿದ ಪಂಚೆಯ ಹಾಗೆ ಸೆಟೆದಿರುತ್ತದೆ, ಗಂಟು ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಒಂದೆರಡು ದಿನ ಮಡಚಿ ಬಿಚ್ಚಿ ಮೆತ್ತಗೆ ಮಾಡಿ.

ಐದನೆಯದು: ಬೇಜಾರು ಬರುವ ಜಾಗ ಗೊತ್ತಿರಲಿ

ಮೊದಲ ವರ್ಷ ಬಣ್ಣ ಬೇಗ ಬೇಗ ಬದಲಾಗುತ್ತದೆ, ಮಕ್ಕಳು ಹಾರಾಡುತ್ತಾರೆ. ಹಸಿರು, ನೀಲಿ ದಾಟಿದ ಮೇಲೆ ಆರಾರು ತಿಂಗಳು ಅದೇ ಬೆಲ್ಟ್. ಬಿಡುವವರು ಹೆಚ್ಚಾಗಿ ಅಲ್ಲೇ ಬಿಡುತ್ತಾರೆ. ನಮ್ಮ ಟೆರೇಸಿನಲ್ಲಿ ಮಗಳ ಜೊತೆ ಬಿಳಿ ಕಟ್ಟಿದವರು ಹದಿನೇಳು ಮಕ್ಕಳು. ಈಗ ಉಳಿದವರು ಮೂವರು. ಏಳನೇ ಕ್ಲಾಸಿಗೆ ಬಂದ ಕೂಡಲೇ ಟ್ಯೂಷನ್ ಶುರುವಾಗುತ್ತದೆ ಅಲ್ವಾ, ಆ ಹೊತ್ತಿಗೆ ಸರಿಯಾಗಿ ಕಂದು ಬಣ್ಣವೂ ಬಂದಿರುತ್ತದೆ. ಆಗ ಪೂರ್ತಿ ಬಿಡಿಸುವ ಬದಲು ವಾರಕ್ಕೆ ಒಂದು ದಿನವಾದರೂ ಕಳಿಸಿ. ಮುಂದಿನ ಪರೀಕ್ಷೆ ಆರು ತಿಂಗಳ ಬದಲು ವರ್ಷಕ್ಕೆ ಬರಲಿ. ಆರು ತಿಂಗಳು ಬಿಟ್ಟು ವಾಪಸ್ ಬಂದ ಮಗುವಿಗೆ ಹಳೆ ಕಾತಾ ಮರೆತಿರುತ್ತದೆ, ತನಗಿಂತ ಚಿಕ್ಕವರು ಮುಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಆ ನಾಚಿಕೆಗೇ ಎರಡನೇ ದಿನ ಬರುವುದಿಲ್ಲ.

ನಮ್ಮಂಥ ದೊಡ್ಡವರಿಗೆ ತಲೆಗೆ ಬೇಗ ಹತ್ತುತ್ತದೆ, ಮೈ ಬಗ್ಗುವುದಿಲ್ಲ. ಮಾವಶಿ ಗೇರಿ ಅಂತ ಒಂದು ಒದೆತ ಇದೆ, ಪಕ್ಕದಿಂದ ಸುತ್ತಿ ಬರುವಂಥದ್ದು. ಮಗಳ ಕಾಲು ಎದುರಿನವರ ಕಿವಿ ತನಕ ಹೋಗುತ್ತದೆ, ನನ್ನದು ಸೊಂಟಕ್ಕೇ ನಿಲ್ಲುತ್ತದೆ. ಮರಾಠಿಯಲ್ಲಿ ಮಾವಶಿ ಅಂದರೆ ಚಿಕ್ಕಮ್ಮ, ಮಹಾರಾಷ್ಟ್ರದವರು ಹಾಗೆ ಅಂದಾಗೆಲ್ಲ ಚಿಕ್ಕಮ್ಮನೇ ಒದ್ದ ಹಾಗೆ ಕೇಳಿಸುತ್ತದೆ, ನಗು ಬರುತ್ತದೆ. ನಲವತ್ತರ ಹತ್ತಿರ ಶುರು ಮಾಡುವವರು ಕಪ್ಪಿಗೆ ಆರರಿಂದ ಎಂಟು ವರ್ಷ ಹಿಡಿದುಕೊಳ್ಳಿ ಅನ್ನುವುದು ನನ್ನ ಅಂದಾಜು. ಮೊಣಕಾಲು ನೋವಿದ್ದರೆ ಸರ್‌ಗೆ ಮೊದಲ ದಿನವೇ ಹೇಳಿ, ಆಳವಾದ ನಿಲುವನ್ನು ಸ್ವಲ್ಪ ಎತ್ತರಿಸಿ ಮಾಡಲು ಬಿಡುತ್ತಾರೆ.

ಕಪ್ಪು ಬಂದ ಮೇಲೆ

ಮೊದಲ ಡಾನ್‌ಗೆ ಜಪಾನಿಯಲ್ಲಿ ಶೋದಾನ್ ಅನ್ನುತ್ತಾರೆ. ಶೋ ಅಂದರೆ ಶುರು. ಅಲ್ಲಿಂದ ಮುಂದೆ ಕಾಯುವ ಕಾಲ ಬೆಳೆಯುತ್ತಾ ಹೋಗುತ್ತದೆ. ಕುಕ್ಕಿವಾನ್ ಲೆಕ್ಕದಲ್ಲಿ ಒಂದರಿಂದ ಎರಡನೇ ಡಾನ್‌ಗೆ 1 ವರ್ಷ, ಎರಡರಿಂದ ಮೂರಕ್ಕೆ 2, ಮೂರರಿಂದ ನಾಲ್ಕಕ್ಕೆ 3, ಹೀಗೆ. ಜಿಯು-ಜಿಟ್ಸುವಿನಲ್ಲಿ ಕಪ್ಪು ಬೆಲ್ಟ್‌ನ ಮೊದಲ ಮೂರು ಪಟ್ಟಿಗಳಿಗೆ, ಅಂದರೆ ಡಾನ್‌ನಂಥ ಹಂತಗಳಿಗೆ, ಒಂದೊಂದಕ್ಕೂ 3 ವರ್ಷ. ಯಾರಾದರೂ 25ನೇ ವಯಸ್ಸಿಗೆ ತಾನು ಏಳನೇ ಡಾನ್ ಅಂತ ಬೋರ್ಡ್ ಹಾಕಿಕೊಂಡಿದ್ದರೆ ಬೆರಳು ಮಡಚಿ ಎಣಿಸಿ ನೋಡಿ. ಕುಕ್ಕಿವಾನ್ ಕ್ರಮದಲ್ಲಿ ಒಂದರಿಂದ ಏಳಕ್ಕೆ ಹೋಗಲು 1, 2, 3, 4, 5, 6 ಕೂಡಿಸಿ 21 ವರ್ಷ ಬೇಕು.

ಮೂರನೇ ಮಾಳಿಗೆಯ ಹುಡುಗಿಗೆ ಇದನ್ನೆಲ್ಲ ಕೂರಿಸಿ ಹೇಳಿದೆ. ಪಾಂಪ್ಲೆಟ್ ಮಡಚಿ ಫ್ರಿಜ್ ಮೇಲಿಟ್ಟು, ಶನಿವಾರ ನಮ್ಮ ಟೆರೇಸಿಗೆ ಮಗನನ್ನು ಕರೆದುಕೊಂಡು ಬಂದು ಮೂಲೆಯಲ್ಲಿ ಕೂತಿದ್ದಳು. ನನ್ನ ಮಗಳದ್ದು ಈಗ ಕಂದಿನ ಎರಡನೇ ಹಂತ. ಮುಂದಿನ ಪರೀಕ್ಷೆ ನವೆಂಬರಿನಲ್ಲಿ. ಕಾರ್ಡಿನಲ್ಲಿ ಇನ್ನೂ ಹನ್ನೊಂದು ಮನೆ ಖಾಲಿ ಇವೆ. ಅದಕ್ಕೆ ಈ ಸಲ ದೀಪಾವಳಿಗೆ ಊರಿಗೆ ಟಿಕೆಟ್ ಮಾಡಿಸಿಲ್ಲ. ಅತ್ತೆಗೆ ಇನ್ನೂ ಹೇಳಿಲ್ಲ.